ಹೂಳಿನಡಿಯ ಹಳ್ಳ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಲ್ಯಾಂಕಾಸ್ಟರ್ ಕೌಂಟಿಯಲ್ಲಿ ವಿಲ್ಲೋ ಸ್ಟ್ರೀಟ್ ಎಂಬ ಸಣ್ಣ ಊರಿದೆ. ಅದರ ಆಸುಪಾಸಿನ ಹೊಲ, ಹುಲ್ಲುಗಾವಲುಗಳ ನಡುವೆ ಬಿಗ್ ಸ್ಪ್ರಿಂಗ್ ರನ್ ಎಂಬ ಹಳ್ಳ ಹರಿಯುತ್ತದೆ. ಸುಣ್ಣಕಲ್ಲಿನ ನೆಲದ ಒರತೆಗಳಲ್ಲಿ ಹುಟ್ಟಿ ಮಿಲ್ ಕ್ರೀಕ್ ಸೇರುವ ಈ ನೀರು ಅಲ್ಲಿಂದ ಕಾನೆಸ್ಟೋಗಾ ನದಿಗೆ, ಆಮೇಲೆ ಸಸ್ಕ್ವಿಹಾನಾ ನದಿಗೆ, ಕೊನೆಗೆ ಚೆಸಪೀಕ್ ಕೊಲ್ಲಿಗೆ ಹೋಗುತ್ತದೆ. 2011ಕ್ಕೆ ಮುಂಚೆ ಈ ಹಳ್ಳಕ್ಕೆ ಇಳಿದು ನಿಂತವರಿಗೆ ಎರಡೂ ಕಡೆ ನೆಟ್ಟಗೆ ಎದ್ದ ಮಣ್ಣಿನ ದಡ ಕಾಣುತ್ತಿತ್ತು, ಕೆಲವೆಡೆ ಎದೆಮಟ್ಟ. ಕಂದು ಬಣ್ಣದ ನಯವಾದ ಮಣ್ಣು; ಬೆರಳಲ್ಲಿ ಉಜ್ಜಿದರೆ ಕಲ್ಲಿನ ಚೂರು ಕೂಡ ತಾಗುವುದಿಲ್ಲ. ಕಣ್ಣು ಹತ್ತಿರ ಒಯ್ದರೆ ಎಳೆ ಎಳೆಯಾದ ಪದರಗಳು. ದಡದ ಬುಡದಲ್ಲಿ, ಹೆಚ್ಚುಕಡಿಮೆ ನೀರಿನ ಮಟ್ಟದಲ್ಲೇ, ಕಪ್ಪು ಮಣ್ಣಿನ ಒಂದು ಪಟ್ಟೆ. ಅದರ ಕೆಳಗೆ ಚೂಪು ಅಂಚಿನ ಬೆಣಚುಕಲ್ಲಿನ ಜಲ್ಲಿ.

ಆ ಕೌಂಟಿಯ ನೂರಾರು ಹಳ್ಳಗಳ ದಡ ಹೀಗೇ ಇದೆ. ಊರಿನವರಿಗೆ ಅದು ಹುಟ್ಟಿದಾಗಿನಿಂದ ಕಂಡ ದೃಶ್ಯ. ಭೂವಿಜ್ಞಾನಿಗಳಿಗೂ ಅದರಲ್ಲಿ ವಿಶೇಷ ಕಾಣಲಿಲ್ಲ, ಏಕೆಂದರೆ ಹಳ್ಳ ಎಂದರೆ ಹೀಗೇ ಇರುತ್ತದೆ ಎಂದು ಅವರು ಓದಿದ್ದ ಪುಸ್ತಕ ಹೇಳುತ್ತಿತ್ತು. ಈ ದಡ ಹಳ್ಳ ತಾನೇ ಕಟ್ಟಿಕೊಂಡದ್ದಲ್ಲ, ಮುನ್ನೂರು ವರ್ಷಗಳೊಳಗೆ ಮನುಷ್ಯರ ಕೆಲಸದಿಂದ ಎದ್ದದ್ದು ಎಂದು ಗೊತ್ತಾದ ಕತೆ ಇದು. ಹಳ್ಳಕ್ಕೆ ಅದರ ನೆರೆಬಯಲನ್ನು, ಅಂದರೆ ನೆರೆ ಬಂದಾಗ ನೀರು ಹರಡುವ ಬಯಲನ್ನು, ಮರಳಿ ಕೊಡಬೇಕೆಂದು ಹೊರಡುವ ಯಾವುದೇ ಊರಿನ ಯೋಜನೆ ಎಲ್ಲಿಂದ ಶುರುವಾಗಬೇಕು ಎಂಬ ಪ್ರಶ್ನೆಯನ್ನೇ ಈ ಕತೆ ಬದಲಿಸಿತು ಎಂಬುದು ನನ್ನ ನಂಬಿಕೆ.

ಪುಸ್ತಕ ಹೇಳುತ್ತಿದ್ದುದೇನೆಂದು ಮೊದಲು ನೋಡಬೇಕು. 1950ರ ದಶಕದಲ್ಲಿ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾಲಯದಲ್ಲಿ ಲೂನಾ ಲಿಯೋಪೋಲ್ಡ್ ಮತ್ತು ಗಾರ್ಡನ್ ವೋಲ್ಮನ್ ಎಂಬ ಇಬ್ಬರು ನದಿಗಳನ್ನು ಅಳೆಯಲು ಹೊರಟರು. ಇಬ್ಬರ ತಂದೆಯರೂ ಹೆಸರಾದವರು. ಲೂನಾ ಅವರ ತಂದೆ ಪರಿಸರ ಚಿಂತಕ ಆಲ್ಡೋ ಲಿಯೋಪೋಲ್ಡ್. ವೋಲ್ಮನ್ ಅವರ ತಂದೆ ಏಬಲ್ ವೋಲ್ಮನ್, ಕುಡಿಯುವ ನೀರಿಗೆ ಕ್ಲೋರಿನ್ ಎಷ್ಟು ಹಾಕಬೇಕೆಂಬ ಲೆಕ್ಕವನ್ನು ಗಟ್ಟಿ ಮಾಡಿದವರಲ್ಲಿ ಒಬ್ಬರು. ಮಕ್ಕಳು ಹಗ್ಗ, ಅಳತೆಕೋಲು, ಮಟ್ಟ ನೋಡುವ ಉಪಕರಣ ಹಿಡಿದು ಪೆನ್ಸಿಲ್ವೇನಿಯಾ ಮತ್ತು ಮೇರಿಲ್ಯಾಂಡಿನ ಹಳ್ಳಗಳಿಗೆ ಇಳಿದರು. ಬ್ರಾಂಡಿವೈನ್ ಕ್ರೀಕ್, ಸೆನೆಕಾ ಕ್ರೀಕ್, ವಾಟ್ಸ್ ಬ್ರಾಂಚ್ ಇಂಥ ಹೆಸರುಗಳು ಅವರ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತವೆ. 1957ರಲ್ಲಿ ನೆರೆಬಯಲುಗಳು ಹೇಗೆ ರೂಪುಗೊಳ್ಳುತ್ತವೆ ಎಂಬ ಅವರ ಪ್ರಬಂಧ ಬಂತು. ಹೊಳೆ ಅಂಕುಡೊಂಕಾಗಿ ಸಾಗುತ್ತದೆ. ಒಂದು ದಡ ಕೊರೆಯುತ್ತದೆ, ಎದುರು ದಡದಲ್ಲಿ ಮಣ್ಣು ಬಿಡುತ್ತದೆ. ಹೀಗೆ ಪಕ್ಕಕ್ಕೆ ಸರಿಯುತ್ತಾ ಸರಿಯುತ್ತಾ ತನ್ನ ಬಯಲನ್ನು ತಾನೇ ಕಟ್ಟಿಕೊಳ್ಳುತ್ತದೆ. ಒಂದೆರಡು ವರ್ಷಕ್ಕೊಮ್ಮೆ ದಡ ತುಂಬಿ ಹರಿಯುತ್ತದೆ. ಇದು ಅವರ ಚಿತ್ರ. 1964ರಲ್ಲಿ ಜಾನ್ ಮಿಲ್ಲರ್ ಜೊತೆ ಸೇರಿ ಅವರು ಬರೆದ ಪಠ್ಯಪುಸ್ತಕ ಈ ಚಿತ್ರವನ್ನು ಜಗತ್ತಿನ ಕಾಲೇಜುಗಳಿಗೆ ಒಯ್ದಿತು.

ಅವರ ಅಳತೆಗಳಲ್ಲಿ ತಪ್ಪಿರಲಿಲ್ಲ. ಇಂದಿಗೂ ನದಿವಿಜ್ಞಾನ ನಿಂತಿರುವುದು ಆ ಕೆಲಸದ ಮೇಲೆ. ಆದರೆ ಆ ಚಿತ್ರ ಒಂದು ಮಾದರಿಯಾಗಿ ಗಟ್ಟಿಯಾಯಿತು. ಕೆಟ್ಟುಹೋದ ಹಳ್ಳವನ್ನು ಸರಿ ಮಾಡುವುದು 1990ರ ದಶಕದಿಂದ ಅಮೆರಿಕದಲ್ಲಿ ದೊಡ್ಡ ಉದ್ಯಮವಾದಾಗ, ಸರಿಯಾದ ಹಳ್ಳದ ರೂಪ ಎಂದು ಎಂಜಿನಿಯರುಗಳು ಎತ್ತಿಕೊಂಡದ್ದು ಇದನ್ನೇ: ಒಂದೇ ಪಾತ್ರ, ಹದವಾದ ತಿರುವುಗಳು, ಇಷ್ಟು ಅಗಲಕ್ಕೆ ಇಷ್ಟು ಆಳ, ಎರಡೂ ಬದಿಗೆ ದಡ. ತಿರುವಿನ ಹೊರ ಅಂಚಿಗೆ ಬಂಡೆ ಜೋಡಿಸಿ, ದಡದ ಮೇಲೆ ಸಸಿ ನೆಟ್ಟು, ಕೋಟಿಗಟ್ಟಲೆ ಡಾಲರ್ ಖರ್ಚು ಮಾಡಿ ಹಳ್ಳಗಳನ್ನು ಈ ಅಚ್ಚಿಗೆ ತಂದರು. ಆದರೂ ಚೆಸಪೀಕ್ ಕೊಲ್ಲಿಗೆ ಕೆಸರು ಬರುವುದು ನಿಲ್ಲಲಿಲ್ಲ.

ಬಿಗ್ ಸ್ಪ್ರಿಂಗ್ ರನ್ನಿನಲ್ಲೇ 1993ರಿಂದ 2001ರವರೆಗೆ ಸರ್ವೇಕ್ಷಣಾಲಯದವರು ಇನ್ನೊಂದು ಪ್ರಯೋಗ ನಡೆಸಿದ್ದರು. ದನಗಳು ಹಳ್ಳಕ್ಕೆ ಇಳಿದು ದಡ ತುಳಿಯುತ್ತವೆ, ಅದರಿಂದ ನೀರು ಕೆಡುತ್ತದೆ ಎಂದು ಹುಲ್ಲುಗಾವಲಿನಲ್ಲಿ ಹಳ್ಳದುದ್ದಕ್ಕೂ ಬೇಲಿ ಹಾಕಿ, ಬೇಲಿಗೆ ಮುಂಚಿನ ನೀರನ್ನೂ ಆಮೇಲಿನ ನೀರನ್ನೂ ಅಳೆದರು. ಬೇಲಿಯಿಂದ ಪ್ರಯೋಜನ ಆಯಿತು. ಆದರೆ ದನ ದೂರ ಸರಿದ ಮೇಲೂ ದಡ ಕುಸಿಯುತ್ತಲೇ ಇತ್ತು.

ಲ್ಯಾಂಕಾಸ್ಟರ್ ನಗರದ ಫ್ರಾಂಕ್ಲಿನ್ ಅಂಡ್ ಮಾರ್ಷಲ್ ಕಾಲೇಜಿನಲ್ಲಿ ಡೊರೊಥಿ ಮೆರಿಟ್ಸ್ ಮತ್ತು ರಾಬರ್ಟ್ ವಾಲ್ಟರ್ ದಂಪತಿ ಭೂವಿಜ್ಞಾನ ಕಲಿಸುತ್ತಿದ್ದರು. ಇಬ್ಬರ ಹಿಂದಿನ ಕೆಲಸ ಬೇರೆ ನೆಲಗಳಲ್ಲಿ ನಡೆದಿತ್ತು. ಮೆರಿಟ್ಸ್ ಅವರದು ಭೂಕಂಪದ ನಾಡಿನ ನೆಲ: ಕ್ಯಾಲಿಫೋರ್ನಿಯಾದ ಮೆಂಡೊಸಿನೊ ಕರಾವಳಿ ಎಷ್ಟು ವೇಗವಾಗಿ ಮೇಲೇಳುತ್ತಿದೆ ಎಂದು ಕಂಡುಹಿಡಿದು ಹೆಸರು ಮಾಡಿದವರು. ವಾಲ್ಟರ್ ಅವರದು ಕಲ್ಲು ಮಣ್ಣುಗಳ ವಯಸ್ಸು ಹೇಳುವ ವಿದ್ಯೆ. ಇಥಿಯೋಪಿಯಾದ ಹದಾರ್‌ನಲ್ಲಿ ಸಿಕ್ಕ 'ಲೂಸಿ' ಎಂಬ ಪೂರ್ವಜೆಯ ಮೂಳೆಗಳ ಪಕ್ಕದ ಜ್ವಾಲಾಮುಖಿ ಬೂದಿಯನ್ನು ಪರೀಕ್ಷಿಸಿ ಅವಳ ವಯಸ್ಸು ಸುಮಾರು 31.8 ಲಕ್ಷ ವರ್ಷ ಎಂದು 1994ರಲ್ಲಿ ಹೇಳಿದವರು ಅವರೇ. ಎರಿಟ್ರಿಯಾದ ಕೆಂಪುಸಮುದ್ರದ ದಂಡೆಯಲ್ಲಿ ಹವಳದ ದಿಬ್ಬದೊಳಗೆ ಸಿಕ್ಕ 1,25,000 ವರ್ಷ ಹಳೆಯ ಕಲ್ಲಿನ ಆಯುಧಗಳ ಬಗ್ಗೆ 2000ದಲ್ಲಿ ಬರೆದ ತಂಡದಲ್ಲೂ ಅವರಿದ್ದರು.

ಆಫ್ರಿಕಾದ ಪದರಗಳನ್ನು ಓದಿ ಬಂದ ಕಣ್ಣಿಗೆ ಮನೆ ಪಕ್ಕದ ಹಳ್ಳದ ದಡ ಬೇರೆಯಾಗಿ ಕಂಡದ್ದು 2000ದ ದಶಕದ ಮೊದಲ ವರ್ಷಗಳಲ್ಲಿ. ಹರಿಯುವ ನೀರು ಮಣ್ಣು ಬಿಟ್ಟರೆ ಅದರಲ್ಲಿ ಮರಳಿರಬೇಕು, ಜಲ್ಲಿ ಇರಬೇಕು, ಓರೆಯಾದ ಪದರಗಳಿರಬೇಕು. ನೀರು ಓಡಿದ ದಿಕ್ಕು ಅದರಲ್ಲಿ ಅಚ್ಚಾಗಿರಬೇಕು. ಈ ದಡದಲ್ಲಿ ಅದೇನೂ ಇಲ್ಲ. ಒಂದರ ಮೇಲೊಂದು ಸಮವಾಗಿ ಕೂತ ನಯವಾದ ಗೋಡು ಮಾತ್ರ. ನಮ್ಮ ಹಳ್ಳಿಗಳಲ್ಲಿ ಬೇಸಗೆಗೆ ಬತ್ತಿದ ಕೆರೆಯ ಅಂಗಳದಲ್ಲಿ ಹೂಳೆತ್ತಲು ಗುಂಡಿ ತೋಡಿದಾಗ ಬದಿಯಲ್ಲಿ ಕಾಣುವುದು ಇಂಥ ಮಣ್ಣೇ. ನಿಂತ ನೀರಿನ ತಳಕ್ಕೆ ಕೂತ ಮಣ್ಣು ಅದು. ಹಾಗಿದ್ದರೆ ಲ್ಯಾಂಕಾಸ್ಟರಿನ ಹಳ್ಳಗಳ ನೀರನ್ನು ಯಾರೋ ಎಲ್ಲೋ ನಿಲ್ಲಿಸಿರಬೇಕು. ಯಾರು?

ಉತ್ತರ ಇದ್ದದ್ದು ಕೌಂಟಿಯ ಹಳೆಯ ನಕ್ಷೆಗಳಲ್ಲೇ. ವಿಲಿಯಂ ಪೆನ್‌ಗೆ ಇಂಗ್ಲೆಂಡಿನ ದೊರೆ ಈ ನೆಲದ ಸನ್ನದು ಕೊಟ್ಟದ್ದು 1681ರಲ್ಲಿ. 1710ರ ಹೊತ್ತಿಗೆ ಜರ್ಮನ್ ಮಾತಿನ ಮೆನೊನೈಟ್ ಒಕ್ಕಲುಗಳು ಲ್ಯಾಂಕಾಸ್ಟರಿಗೆ ಬಂದು ನೆಲೆ ನಿಂತವು. ಅವರು ಕಟ್ಟಿದ 1719ರ ಹಾನ್ಸ್ ಹೆರ್ ಮನೆ ವಿಲ್ಲೋ ಸ್ಟ್ರೀಟಿನಲ್ಲಿ ಇವತ್ತಿಗೂ ಇದೆ. ಕಾಡು ಕಡಿದು ಗೋಧಿ ಬೆಳೆದವರಿಗೆ ಮೊದಲು ಬೇಕಾದದ್ದು ಹಿಟ್ಟಿನ ಗಿರಣಿ, ಮರ ಕೊಯ್ಯುವ ಗಿರಣಿ, ಕಬ್ಬಿಣ ಬಡಿಯುವ ಕುಲುಮೆ. ವಿದ್ಯುತ್ತಿಲ್ಲ, ಉಗಿಯಂತ್ರವಿಲ್ಲ, ಇದ್ದ ಶಕ್ತಿ ಹಳ್ಳದ ನೀರೊಂದೇ. ಕಣಿವೆಯ ಈ ಬದಿಯಿಂದ ಆ ಬದಿಗೆ ಸುಮಾರು ಎರಡೂವರೆ ಮೀಟರ್ ಎತ್ತರದ ಒಡ್ಡು ಕಟ್ಟಿ, ನೀರು ನಿಲ್ಲಿಸಿ, ಕಾಲುವೆಯಲ್ಲಿ ತಂದು ಚಕ್ರದ ಮೇಲೆ ಬಿಡುತ್ತಿದ್ದರು. ಒಬ್ಬರ ಕಟ್ಟೆಯ ನೀರು ಮುಗಿಯುವಲ್ಲಿ ಮೇಲಿನವರ ಒಡ್ಡು ಶುರು. 1840ರ ಅಮೆರಿಕದ ಜನಗಣತಿಯಲ್ಲಿ ದೇಶದ ಪೂರ್ವಭಾಗದ ನೀರಿನ ಗಿರಣಿಗಳ ಲೆಕ್ಕ 65,000 ದಾಟುತ್ತದೆ. ಲ್ಯಾಂಕಾಸ್ಟರ್, ಯಾರ್ಕ್, ಚೆಸ್ಟರ್ ಎಂಬ ಮೂರೇ ಕೌಂಟಿಗಳ ಹತ್ತೊಂಬತ್ತನೆಯ ಶತಮಾನದ ನಕ್ಷೆಗಳಲ್ಲಿ ವಾಲ್ಟರ್ ಮತ್ತು ಮೆರಿಟ್ಸ್ ಗುರುತು ಹಾಕಿದ ಒಡ್ಡುಗಳು ಸಾವಿರಕ್ಕೂ ಹೆಚ್ಚು.

ಮೇಲಿನ ಗುಡ್ಡಗಳ ಕಾಡು ಹೋಗಿ ನೇಗಿಲು ಬಂದಾಗ ಮಳೆಗೆ ಮಣ್ಣು ಕೊಚ್ಚಿತು. ಕೆಳಗೆ ಸಾಲು ಸಾಲು ಕಟ್ಟೆಗಳು ಅದನ್ನು ಹಿಡಿದುಕೊಂಡವು. ನೂರೈವತ್ತು ಇನ್ನೂರು ವರ್ಷ ಹೀಗೆ ನಡೆದು ಕಟ್ಟೆಗಳು ಹೂಳಿನಿಂದ ತುಂಬಿದವು. ಆಮೇಲೆ ಉಗಿ ಬಂತು, ವಿದ್ಯುತ್ ಬಂತು, ಗಿರಣಿಗಳು ಪಾಳುಬಿದ್ದವು. ಒಡ್ಡು ಒಡೆದ ಕೂಡಲೇ ನೀರು ಇಳಿಜಾರು ಸಿಕ್ಕಿ ಹೂಳನ್ನು ಕೊರೆದು ಇಳಿಯಿತು, ಹಳೆಯ ಜಲ್ಲಿ ಸಿಗುವ ತನಕ ಇಳಿಯಿತು. ಪಾಠ ಹೇಳುವವರು ನೆರೆಬಯಲು ಎಂದು ತೋರಿಸುತ್ತಿದ್ದ ಆ ಸಮತಟ್ಟು ನೆಲ ನಿಜಕ್ಕೂ ಹೂಳು ತುಂಬಿದ ಕಟ್ಟೆಯ ಅಂಗಳ. ದಡ ಎಂದುಕೊಂಡದ್ದು ಆ ಹೂಳನ್ನು ನೀರು ಕೊಯ್ದಾಗ ಉಳಿದ ಗೋಡೆ.

ಇದು ಊಹೆಯಾಗಿ ನಿಂತಿದ್ದರೆ ಯಾರೂ ಒಪ್ಪುತ್ತಿರಲಿಲ್ಲ. ವಾಲ್ಟರ್ ಮತ್ತು ಮೆರಿಟ್ಸ್ ವರ್ಷಗಟ್ಟಲೆ ಹಳ್ಳದಿಂದ ಹಳ್ಳಕ್ಕೆ ನಡೆದು ಸಾಕ್ಷ್ಯ ಕೂಡಿಸಿದರು. ಮೊದಲನೆಯದು ಹೂಳಿನ ಆಕಾರ. ಹಳೆಯ ಒಡ್ಡಿನ ಬಳಿ ಅದು ಅತಿ ದಪ್ಪ, ಮೇಲೆ ಹೋದಂತೆ ತೆಳುವಾಗುತ್ತಾ ಹೋಗುತ್ತದೆ. ನದಿ ತಾನೇ ಬಯಲು ಕಟ್ಟಿದ್ದರೆ ಇಂಥ ಬೆಣೆಯಾಕಾರ ಬರುವುದಿಲ್ಲ. ವಿಮಾನದಿಂದ ಲೇಸರ್ ಬೆಳಕು ಬಿಟ್ಟು ನೆಲದ ಏರುತಗ್ಗನ್ನು ಅಳೆಯುವ ಲೈಡಾರ್ ಚಿತ್ರಗಳು ಬಂದಾಗ ವಿಷಯ ಇನ್ನೂ ಸ್ಪಷ್ಟವಾಯಿತು. ಮರಗಿಡ ಮರೆಮಾಚಿದ್ದ ಕಣಿವೆಯ ತಳ ಮೆಟ್ಟಿಲು ಮೆಟ್ಟಿಲಾಗಿ ಕಾಣಿಸಿತು, ಒಂದೊಂದು ಮೆಟ್ಟಿಲಿನ ಕೊನೆಗೆ ಕಣಿವೆಗೆ ಅಡ್ಡಲಾಗಿ ಒಂದು ನೇರ ಗೆರೆ, ಅಂದರೆ ಮುರಿದ ಒಡ್ಡು. ಹೂಳಿನ ದಪ್ಪ ಒಂದರಿಂದ ಐದು ಮೀಟರ್.

ಎಲ್ಲಕ್ಕಿಂತ ನನ್ನ ಮನಸ್ಸು ಹಿಡಿದದ್ದು ಬುಡದ ಆ ಕಪ್ಪು ಪಟ್ಟೆಯ ಕತೆ. ಸಾಮಾನ್ಯವಾಗಿ ಅರ್ಧ ಮೀಟರಿಗೆ ಮೀರದ ದಪ್ಪ. ಅದನ್ನು ಕೆರೆದು ತಂದು ನೀರಿನಲ್ಲಿ ಕದಡಿ, ಜರಡಿ ಹಿಡಿದಾಗ ಬೀಜಗಳು ಸಿಕ್ಕವು. ಎಲೆ, ಕಡ್ಡಿ, ಬೇರಿನ ಚೂರುಗಳು ಸಿಕ್ಕವು. ಗಾಳಿಯಾಡದ ಒದ್ದೆ ಮಣ್ಣಿನಲ್ಲಿ ಕೊಳೆಯದೆ ಉಳಿದಿದ್ದ ಆ ಬೀಜಗಳನ್ನು ಪ್ರಾಚೀನ ಸಸ್ಯಗಳ ತಜ್ಞ ವಿಲಿಯಂ ಹಿಲ್ಗಾರ್ಟ್‌ನರ್ ಅಂಥವರು ಸೂಕ್ಷ್ಮದರ್ಶಕದಡಿ ಒಂದೊಂದಾಗಿ ಗುರುತಿಸಿದರು. ಹೆಚ್ಚಿನವು ಜೌಗಿನ ಗಿಡಗಳವು. ಅದರಲ್ಲೂ ಗುಪ್ಪೆ ಗುಪ್ಪೆಯಾಗಿ ಬೆಳೆಯುವ ಒಂದು ಜಾತಿಯ ಜೇಕು. ದೊಡ್ಡ ಮರಗಳ ನೆರಳಿನಲ್ಲಿ ಅದು ಹೀಗೆ ಹಬ್ಬುವುದಿಲ್ಲ. ಬಿಸಿಲು ಬೇಕು, ಬುಡದಲ್ಲಿ ವರ್ಷವಿಡೀ ತೇವ ಬೇಕು. ಇಂಗಾಲದ ಪರೀಕ್ಷೆಯಲ್ಲಿ ಬೇರೆ ಬೇರೆ ಹಳ್ಳಗಳ ಕಪ್ಪು ಮಣ್ಣಿನ ವಯಸ್ಸು ಹತ್ತು ಸಾವಿರ ವರ್ಷಕ್ಕೂ ಹಿಂದಿನಿಂದ ಹಿಡಿದು ಸುಮಾರು ಮುನ್ನೂರು ವರ್ಷಗಳ ಹಿಂದಿನವರೆಗೆ ಬಂತು. ಅಷ್ಟು ದೀರ್ಘ ಕಾಲದಲ್ಲಿ ಕೂತದ್ದು ಇಷ್ಟು ತೆಳು ಪದರ. ಅದರ ಮೇಲೆ ಎರಡು ಶತಮಾನಗಳಲ್ಲಿ ಕೂತದ್ದು ಆಳೆತ್ತರದ ಹೂಳು.

ಹಾಗಾದರೆ ವಲಸೆಗಾರರು ಬರುವ ಮುಂಚೆ ಅಲ್ಲಿ ಏನಿತ್ತು? ಕಣಿವೆಯ ಅಗಲಕ್ಕೂ ಹರಡಿದ ಜೌಗು ಹುಲ್ಲುಗಾವಲು. ಅದರ ನಡುವೆ ಕವಲೊಡೆದು, ಮತ್ತೆ ಕೂಡಿ, ಮತ್ತೆ ಕವಲೊಡೆದು ಹರಿಯುವ ಸಣ್ಣ ಸಣ್ಣ ನೀರಿನ ಎಳೆಗಳು. ಎತ್ತರದ ದಡ ಇರಲೇ ಇಲ್ಲ. ಜೋರು ಮಳೆ ಬಂದರೆ ನೀರು ಅಲ್ಲೇ ಹರಡುತ್ತಿತ್ತು, ಹುಲ್ಲಿನ ಬುಡಗಳಲ್ಲಿ ಓಟ ಕಳೆದುಕೊಳ್ಳುತ್ತಿತ್ತು, ಮಣ್ಣು ಕೊಚ್ಚುತ್ತಿರಲಿಲ್ಲ.

ಇಲ್ಲಿ ಒಂದು ಸಂಗತಿ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. 1787ರಲ್ಲಿ ಲ್ಯಾಂಕಾಸ್ಟರಿನಲ್ಲಿ ಶುರುವಾದ ಫ್ರಾಂಕ್ಲಿನ್ ಕಾಲೇಜಿನ, ಅಂದರೆ ಈ ದಂಪತಿ ಕಲಿಸುತ್ತಿದ್ದ ಕಾಲೇಜಿನ ಪೂರ್ವಸಂಸ್ಥೆಯ, ಮೊದಲ ಅಧ್ಯಕ್ಷ ಹೆನ್ರಿ ಮ್ಯೂಲೆನ್‌ಬರ್ಗ್ ಎಂಬ ಪಾದ್ರಿ. ಗಿಡಗಳ ಹುಚ್ಚಿನ ಮನುಷ್ಯ. ಲ್ಯಾಂಕಾಸ್ಟರ್ ಸುತ್ತಲಿನ ಸಸ್ಯಗಳನ್ನೆಲ್ಲ ಪಟ್ಟಿ ಮಾಡಿ 1793ರಲ್ಲಿ ಪ್ರಕಟಿಸಿದರು. ಗಿಡ ಹುಡುಕುತ್ತಾ ಅಲೆಯುವಾಗ ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಆಮೆಯೊಂದು ಅವರಿಗೆ ಸಿಕ್ಕಿತು. ಕತ್ತಿನ ಬದಿಯಲ್ಲಿ ಕಿತ್ತಳೆ ಬಣ್ಣದ ಮಚ್ಚೆ. 1801ರಲ್ಲಿ ಜರ್ಮನಿಯ ಪ್ರಾಣಿಶಾಸ್ತ್ರಜ್ಞ ಷೋಪ್ಫ್ ಅದಕ್ಕೆ ಮ್ಯೂಲೆನ್‌ಬರ್ಗರ ಹೆಸರನ್ನೇ ಇಟ್ಟರು. ಆ ಆಮೆಯ ನೆಲೆ ಒರತೆ ನೀರಿನ, ಬಿಸಿಲು ಬೀಳುವ, ಗುಪ್ಪೆ ಜೇಕಿನ ಒದ್ದೆ ಹುಲ್ಲುಗಾವಲು. ಈಗ ಅದು ಅಪರೂಪದ ಜೀವಿ. ಅಮೆರಿಕ ಸರ್ಕಾರ 1997ರಲ್ಲಿ ಅದನ್ನು ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿಸಿತು. ಕಾಲೇಜಿನ ಮೊದಲ ಅಧ್ಯಕ್ಷ ಇನ್ನೂರು ವರ್ಷಗಳ ಹಿಂದೆ ಆ ಜೌಗುಗಳಲ್ಲಿ ಉಳಿದಿದ್ದಷ್ಟರಲ್ಲಿ ಓಡಾಡಿ ಬರೆದಿಟ್ಟದ್ದನ್ನು, ಅದೇ ಕಾಲೇಜಿನವರು ಮಣ್ಣಿನಡಿಯಿಂದ ಅಗೆದು ತೆಗೆದರು.

ಲಿಯೋಪೋಲ್ಡ್ ಮತ್ತು ವೋಲ್ಮನ್ ಅಳೆದ ಹಳ್ಳಗಳಿಗೂ ಇವರು ಹೋದರು. ಇಡೀ ವಾದದ ತೂಕ ನಿಂತಿದ್ದು ಅಲ್ಲಿ. ಲ್ಯಾಂಕಾಸ್ಟರಿನ ಹಳ್ಳಗಳು ಗಿರಣಿಯಿಂದ ಕೆಟ್ಟಿವೆ ಎಂದರೆ ಅದು ಒಂದು ಜಿಲ್ಲೆಯ ಸುದ್ದಿ. ಆದರೆ ಸಹಜ ಹಳ್ಳದ ಮಾದರಿ ಎಂದು ಪುಸ್ತಕಕ್ಕೆ ಹೋದ ಜಾಗಗಳಲ್ಲೂ ಗಿರಣಿಯ ಹೂಳಿದ್ದರೆ ಪುಸ್ತಕವನ್ನೇ ಮತ್ತೆ ಓದಬೇಕಾಗುತ್ತದೆ. ಅಲ್ಲೂ ಇತ್ತು. ಬ್ರಾಂಡಿವೈನ್ ಅಂತೂ ಗಿರಣಿಗಳಿಗೆ ಹೆಸರಾದ ಹೊಳೆ. ಡುಪಾಂಟ್ ಮನೆತನ 1802ರಲ್ಲಿ ಮದ್ದುಗುಂಡಿನ ಪುಡಿ ಅರೆಯಲು ಗಿರಣಿ ಕಟ್ಟಿದ್ದು ಇದೇ ಹೊಳೆಯ ಕೆಳಭಾಗದ ದಂಡೆಯ ಮೇಲೆ. 1955ರಲ್ಲಿ ವೋಲ್ಮನ್ ಬ್ರಾಂಡಿವೈನಿನ ಬಗ್ಗೆ ಬರೆದಾಗ ಅದರ ಪಾತ್ರವನ್ನು ಸಹಜ ಪಾತ್ರವೆಂದೇ ಕರೆದಿದ್ದರು. ಅವರ ಬಗ್ಗೆ ಒಂದು ಮಾತು ಹೇಳಬೇಕು. ಮನುಷ್ಯರ ಕೆಲಸದಿಂದ ಹಳ್ಳಕ್ಕೆ ಹೂಳು ಬರುತ್ತದೆ ಎಂಬುದು ಅವರಿಗೆ ಗೊತ್ತಿಲ್ಲದ ವಿಷಯವಲ್ಲ. ಕಾಡು ಹೊಲವಾಗಿ, ಹೊಲ ಊರಾಗಿ ಬದಲಾಗುವಾಗ ಹೂಳು ಹೇಗೆ ಏರಿಳಿಯುತ್ತದೆ ಎಂದು 1967ರಲ್ಲಿ ಅವರೇ ಬರೆದ ಲೇಖನವನ್ನು ಇಂದಿಗೂ ಓದುತ್ತಾರೆ. ಕಣ್ಣಿಗೆ ಬೀಳದೆ ಹೋದದ್ದು ಒಡ್ಡುಗಳು. ಅವರು ಹಳ್ಳಕ್ಕೆ ಇಳಿಯುವ ಹೊತ್ತಿಗೆ ಹೆಚ್ಚಿನವು ಒಡೆದುಹೋಗಿದ್ದವು.

2008ರ ಜನವರಿ 18ರ 'ಸೈನ್ಸ್' ಪತ್ರಿಕೆಯಲ್ಲಿ ವಾಲ್ಟರ್ ಮತ್ತು ಮೆರಿಟ್ಸ್ ಅವರ ಪ್ರಬಂಧ ಬಂತು. ಅದೇ ಸಂಚಿಕೆಯಲ್ಲಿ ಡೇವಿಡ್ ಮಾಂಟ್‌ಗೊಮರಿ ಅದರ ಮಹತ್ವವನ್ನು ವಿವರಿಸಿ ಬರೆದರು. ಒಪ್ಪಿದವರಷ್ಟೇ ಪ್ರಶ್ನಿಸಿದವರೂ ಇದ್ದರು, ಪ್ರಶ್ನೆಗಳು ಹಗುರವಾದವೂ ಅಲ್ಲ. ಒಡ್ಡು ಇಲ್ಲದ ಕಣಿವೆಗಳಲ್ಲೂ ಹೊಲದಿಂದ ಬಂದ ಮಣ್ಣು ದಪ್ಪವಾಗಿ ಕೂತಿದೆಯಲ್ಲ? ದೊಡ್ಡ ನದಿಗಳಿಗೆ ಈ ಮಾತು ಅನ್ವಯಿಸುತ್ತದೆಯೇ? ಕೊಲ್ಲಿಗೆ ಬರುವ ಕೆಸರಿನಲ್ಲಿ ದಡದ ಪಾಲೆಷ್ಟು, ಇಂದಿನ ಹೊಲದ ಪಾಲೆಷ್ಟು? ಕೆಲವು ವಿಜ್ಞಾನಿಗಳು ಗಿರಣಿಗಳ ಪಾತ್ರವನ್ನು ಇವರು ಹಿಗ್ಗಿಸಿದ್ದಾರೆ ಎಂದು ಲೇಖನಗಳನ್ನೇ ಬರೆದರು. ನನಗನಿಸುವಂತೆ ಈ ಚರ್ಚೆಯ ಎರಡೂ ಕಡೆಯವರು ಒಂದು ವಿಷಯಕ್ಕೆ ತಲೆಬಾಗಿದ್ದಾರೆ: ಪೂರ್ವ ಅಮೆರಿಕದ ಸಣ್ಣ ಹಳ್ಳಗಳ ಇಂದಿನ ರೂಪವನ್ನು ಸಹಜ ಎಂದು ಕಣ್ಣುಮುಚ್ಚಿ ಒಪ್ಪುವ ಕಾಲ ಮುಗಿಯಿತು.

ಕೆಸರಿನ ಲೆಕ್ಕ ಒಣ ಶಾಸ್ತ್ರದ ಮಾತಲ್ಲ. ಚೆಸಪೀಕ್ ಕೊಲ್ಲಿಯಲ್ಲಿ ಏಡಿ, ಸಿಂಪಿ, ನೀರಹುಲ್ಲು ಸೊರಗಲು ಒಂದು ಮುಖ್ಯ ಕಾರಣ ಅಲ್ಲಿಗೆ ಬರುವ ಮಣ್ಣು, ಸಾರಜನಕ, ರಂಜಕ. ಲ್ಯಾಂಕಾಸ್ಟರಿನ ರೈತರ ಮೇಲೆ, ಅದರಲ್ಲೂ ದನ ಸಾಕುವವರ ಮೇಲೆ, ಆ ದೂರು ದಶಕಗಳಿಂದ ಇತ್ತು. ಹಳೆಯ ಹೂಳನ್ನು ಪರೀಕ್ಷೆ ಮಾಡಿದಾಗ ಒಂದು ಟನ್ನಿನಲ್ಲಿ ಸುಮಾರು ಅರ್ಧ ಕಿಲೋ ರಂಜಕ, ಒಂದು ಕಿಲೋ ಸಾರಜನಕ ಇದೆ ಎಂದು ತಿಳಿಯಿತು. ಚಳಿಗಾಲದ ರಾತ್ರಿ ದಡದ ತೇವ ಸೂಜಿ ಸೂಜಿಯಾಗಿ ಹೆಪ್ಪುಗಟ್ಟಿ ಮಣ್ಣನ್ನು ಹೊರಕ್ಕೆ ತಳ್ಳುತ್ತದೆ. ಬೆಳಗಿನ ಬಿಸಿಲಿಗೆ ಹಿಮ ಕರಗಿದಾಗ ಸಡಿಲಾದ ಪುಡಿ ದಡದ ಬುಡಕ್ಕೆ ಉದುರುತ್ತದೆ. ಮುಂದಿನ ಮಳೆ ಅದನ್ನು ಒಯ್ಯುತ್ತದೆ. ಹೊಲದಲ್ಲಿ ರೈತ ಎಷ್ಟೇ ಜಾಗ್ರತೆ ವಹಿಸಲಿ, ಅಜ್ಜನ ಅಜ್ಜನ ಕಾಲದ ಮಣ್ಣು ಹೀಗೆ ದಡದಿಂದ ಹೋಗುತ್ತಲೇ ಇರುತ್ತದೆ.

ಇನ್ನು ಬಿಗ್ ಸ್ಪ್ರಿಂಗ್ ರನ್. ಕಂಡುಕೊಂಡದ್ದು ನಿಜವಾದರೆ ಹೂಳು ತೆಗೆದಾಗ ಜೌಗು ಮರಳಬೇಕು. ಇದನ್ನು ಪರೀಕ್ಷಿಸಲು ರಾಜ್ಯದ ಪರಿಸರ ಇಲಾಖೆ, ಕೇಂದ್ರದ ಪರಿಸರ ಸಂಸ್ಥೆ, ಭೂವೈಜ್ಞಾನಿಕ ಸರ್ವೇಕ್ಷಣಾಲಯ, ಕಾಲೇಜು ಎಲ್ಲರೂ ಈ ಹಳ್ಳವನ್ನು ಆರಿಸಿಕೊಂಡರು. ಬೇಲಿಯ ಪ್ರಯೋಗದಿಂದ ಹಳೆಯ ಅಳತೆಗಳು ಕೈಯಲ್ಲಿದ್ದವು. 2008ರ ಹೊತ್ತಿಗೇ ನೀರಿನ ಮಟ್ಟ, ಕೆಸರು ಅಳೆಯುವ ಕೇಂದ್ರಗಳು ಕೆಲಸ ಶುರು ಮಾಡಿದವು. ಮುಂಚೆ ಹೇಗಿತ್ತು ಎಂಬ ದಾಖಲೆ ಇಲ್ಲದೆ ಆಮೇಲಿನ ಗೆಲುವನ್ನು ಯಾರೂ ನಂಬುವುದಿಲ್ಲ. ಎಷ್ಟೋ ಕಡೆ ಹಳ್ಳ ದುರಸ್ತಿಯ ಹಣ ಖರ್ಚಾಗಿ, ಫಲ ಸಿಕ್ಕಿತೋ ಇಲ್ಲವೋ ಗೊತ್ತೇ ಆಗದಿರುವುದು ಇದೇ ಕಾರಣಕ್ಕೆ.

ಯೋಜನೆ ಹೇಗೆ ಮಾಡಿದರು ಎನ್ನುವುದು ಕುತೂಹಲದ್ದು. ಬೇರೆ ಕಡೆ ಎಂಜಿನಿಯರು ಮೊದಲು ಕಾಗದದ ಮೇಲೆ ತಿರುವುಗಳನ್ನು ಬರೆಯುತ್ತಾನೆ. ಇಲ್ಲಿ ಮೊದಲು ನಡೆದದ್ದು ಅಗೆತ. ಜೆಸಿಬಿ ತರಹದ ಯಂತ್ರ ತಂದು ಕಣಿವೆಗೆ ಅಡ್ಡಡ್ಡಲಾಗಿ ಉದ್ದನೆಯ ಗುಂಡಿಗಳನ್ನು ತೋಡಿದರು. ನಡುವೆ ಕೊಳವೆ ಇಳಿಸಿ ಮಣ್ಣಿನ ಮಾದರಿ ಎತ್ತಿದರು. ಎಲ್ಲಿ ಎಷ್ಟು ಆಳಕ್ಕೆ ಕಪ್ಪು ಪಟ್ಟೆ ಸಿಗುತ್ತದೆ, ಜಲ್ಲಿ ಎಲ್ಲಿ ಶುರು, ಬಂಡೆ ಎಲ್ಲಿ, ಅಂತರ್ಜಲ ಯಾವ ಮಟ್ಟದಲ್ಲಿ ನಿಂತಿದೆ ಎಂದು ಗುರುತು ಹಾಕಿಕೊಂಡರು. ಆ ಬಿಂದುಗಳನ್ನು ಕೂಡಿಸಿದಾಗ ಹೂತುಹೋದ ಹಳೆಯ ಕಣಿವೆಯ ತಳದ ನಕ್ಷೆ ಮೂಡಿತು. ಎಷ್ಟು ಮಣ್ಣು ತೆಗೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಆ ನಕ್ಷೆಯೇ ಹೇಳಿತು. ಹೊಸ ಪಾತ್ರವನ್ನು ಗೆರೆ ಹಾಕಿ ಕೊರೆಯುವ ಪ್ರಶ್ನೆ ಬರಲಿಲ್ಲ. ಅಂತರ್ಜಲ ಬೇರಿಗೆ ತಾಗುವ ಮಟ್ಟಕ್ಕೆ ನೆಲವನ್ನು ಇಳಿಸಿದರೆ ನೀರು ತನ್ನ ಎಳೆಗಳನ್ನು ತಾನೇ ಹುಡುಕಿಕೊಳ್ಳುತ್ತದೆ ಎಂಬುದು ಇಡೀ ಯೋಜನೆಯ ಹುರುಳು.

2011ರ ಕೊನೆಯ ತಿಂಗಳುಗಳಲ್ಲಿ ಕೆಲಸ ನಡೆಯಿತು. ತೆಗೆದ ಹೂಳು 20,000 ಟನ್ನಿನ ಆಸುಪಾಸು. ಲೆಕ್ಕ ಹಾಕಿ ನೋಡಿದರೆ ಅದರೊಳಗೆ ಹತ್ತು ಟನ್ನಿನಷ್ಟು ರಂಜಕವೇ ಕೂತಿತ್ತು. ಜೌಗಿನ ಗಿಡಗಳನ್ನು ಹಾಕುವಾಗ ಯಾವುದು ಹಾಕಬೇಕೆಂದು ನರ್ಸರಿಯ ಪಟ್ಟಿಯನ್ನಷ್ಟೇ ನಂಬಬೇಕಾಗಿರಲಿಲ್ಲ. ಮಣ್ಣಿನಡಿಯ ಬೀಜಗಳು ದಾರಿ ತೋರಿಸಿದ್ದವು.

ಒಂದು ಹಳ್ಳದುದ್ದಕ್ಕೂ ಸಾಲಾಗಿ ಬೆಳೆದ ಮರಗಳನ್ನು ಕಡಿದು, ಹಸಿರು ದಡವನ್ನೇ ಕಿತ್ತು, ಮೀಟರುಗಟ್ಟಲೆ ಮಣ್ಣು ಹೊರಗೆ ಸಾಗಿಸುವುದನ್ನು ಪರಿಸರ ಕಾಪಾಡುವುದು ಎಂದು ಜನರಿಗೆ ಒಪ್ಪಿಸುವುದು ಸುಲಭವಲ್ಲ. ದಡದ ಮೇಲೆ ಮರ ಬೆಳೆಸಿ ಎಂದು ದಶಕಗಳಿಂದ ಹೇಳಿಕೊಂಡು ಬಂದವರೂ ಪರಿಸರ ಕಾಪಾಡುವವರೇ. ನೆಟ್ಟ ಮರದ ಬೇರು ಎತ್ತರದ ಹೂಳಿನಲ್ಲಿ ನಿಂತಿದೆ, ಅಡಿಯ ನೀರಿಗೆ ಇಳಿದಿಲ್ಲ. ದಡ ಕೊರೆದಂತೆ ಬೇರು ಗಾಳಿಯಲ್ಲಿ ತೂಗಿ ಒಂದು ದಿನ ಮರವೇ ಹಳ್ಳಕ್ಕೆ ಬೀಳುತ್ತದೆ. ಇದು ನಿಜ. ಆದರೆ ಮರದ ನೆರಳಲ್ಲಿ ಓಡಾಡಿ ಬೆಳೆದವರ ಸಂಕಟವೂ ನಿಜ. ಈ ಸಂಕಟವನ್ನು ಅಜ್ಞಾನ ಎಂದು ತಳ್ಳಿಹಾಕುವ ಯೋಜನಾಕಾರರು ಕೆಲಸದ ಅರ್ಧವನ್ನು ಅಲ್ಲೇ ಕಳೆದುಕೊಳ್ಳುತ್ತಾರೆ. ಜನರನ್ನು ಕರೆದು ಗುಂಡಿಯ ಅಂಚಿನಲ್ಲಿ ನಿಲ್ಲಿಸಿ, ಕಪ್ಪು ಪಟ್ಟೆಯನ್ನು ಕೈಗೆ ಕೊಟ್ಟು, ಇದರಲ್ಲಿ ಬೀಜ ಇದೆ ನೋಡಿ ಎಂದು ತೋರಿಸುವುದರಿಂದ ಆಗುವ ಕೆಲಸ ವರದಿಯಿಂದ ಆಗುವುದಿಲ್ಲ.

ಕೆಲಸ ಮುಗಿದ ಮೇಲೆ ಬಿಗ್ ಸ್ಪ್ರಿಂಗ್ ರನ್ನಿನ ಆ ಭಾಗದಲ್ಲಿ ನೀರು ಹಲವು ಎಳೆಗಳಾಗಿ ಹರಿಯತೊಡಗಿತು. ಮುಂಚೆ ದೊಡ್ಡ ನೆರೆಗಷ್ಟೇ ದಡ ಮೀರುತ್ತಿದ್ದ ಹಳ್ಳ ಈಗ ಸಾಧಾರಣ ಮಳೆಗೂ ಬಯಲಿಗೆ ಹರಡುತ್ತದೆ. ಕುಸಿಯಲು ದಡವೇ ಇಲ್ಲದ್ದರಿಂದ ಅಲ್ಲಿಂದ ಕೆಳಗೆ ಹೋಗುವ ಕೆಸರು ಗಣನೀಯವಾಗಿ ಇಳಿಯಿತು. ಮೇಲಿನಿಂದ ಬರುವ ಕೆಸರಿನಲ್ಲೂ ಒಂದಷ್ಟು ಹುಲ್ಲಿನ ನಡುವೆ ನಿಲ್ಲುತ್ತದೆ. ಜೇಕು ಹಬ್ಬಿತು. 2014ರಲ್ಲಿ ಚೆಸಪೀಕ್ ಕೊಲ್ಲಿಯ ಮಾಲಿನ್ಯ ಇಳಿಸುವ ಕಾರ್ಯಕ್ರಮದ ತಜ್ಞರ ಸಮಿತಿ, ಹಳ್ಳವನ್ನು ಅದರ ನೆರೆಬಯಲಿಗೆ ಮತ್ತೆ ಕೂಡಿಸಿದರೆ ಮಾಲಿನ್ಯ ಎಷ್ಟು ತಗ್ಗಿತೆಂದು ಲೆಕ್ಕ ಹಾಕುವ ವಿಧಾನವನ್ನು ರೂಪಿಸಿತು. ಸಣ್ಣ ಊರುಗಳ ಪಾಲಿಗೆ ಇದು ದೊಡ್ಡ ವಿಷಯ. ಕೊಲ್ಲಿಯ ಮಾಲಿನ್ಯ ಇಂತಿಷ್ಟು ಇಳಿಸಬೇಕೆಂದು 2010ರಲ್ಲಿ ಕೇಂದ್ರ ಹಾಕಿದ ಮಿತಿಯ ಭಾರ ಅವುಗಳ ಮೇಲೂ ಬಿದ್ದಿತ್ತು. ಹಳ್ಳದ ಕೆಲಸ ಆ ಲೆಕ್ಕಕ್ಕೆ ಬರುತ್ತದೆ ಎಂದಾಗ ಅದಕ್ಕೆ ಹಣ ಹೊಂದಿಸುವ ದಾರಿ ತೆರೆಯಿತು.

ಹಣದ ದಾರಿ ತೆರೆದಲ್ಲಿ ಅವಸರವೂ ಬರುತ್ತದೆ, ನನ್ನ ಆತಂಕ ಅದು. ಎಲ್ಲ ಹಳ್ಳದ ಕೆಳಗೂ ಜೌಗು ಮಲಗಿಲ್ಲ. ಕಡಿದಾದ, ಕಲ್ಲಿನ ಕಣಿವೆಯ ಹಳ್ಳ ಮೊದಲಿನಿಂದಲೂ ಒಂದೇ ಪಾತ್ರದಲ್ಲಿ ಓಡಿರಬಹುದು. ಅಲ್ಲಿ ದಡ ಕಿತ್ತರೆ ಉಳಿದ ಮರವೂ ಹೋಗುತ್ತದೆ, ಜೌಗೂ ಬರುವುದಿಲ್ಲ. ಊರು ಒತ್ತಿಕೊಂಡು ಬೆಳೆದ ಕಡೆ ಚರಂಡಿಯ ಕೊಳವೆ, ರಸ್ತೆಯ ಸೇತುವೆಗಳನ್ನು ಆ ಹೂಳಿನ ಮೇಲೆಯೇ ಕಟ್ಟಿರುತ್ತಾರೆ. ಹಳೆಯ ಮಟ್ಟಕ್ಕೆ ನೆಲ ಇಳಿಸುವುದು ಅಲ್ಲಿ ಆಗದ ಮಾತು, ಒಂದು ಬದಿಯ ಬಯಲನ್ನಷ್ಟೇ ಬಿಡಿಸಿಕೊಳ್ಳಬಹುದು. ಆದ್ದರಿಂದ ವಿನ್ಯಾಸದ ಗುತ್ತಿಗೆ ಕೊಡುವ ಮೊದಲು ಊರಿನ ಪುರಸಭೆ ಹಳೆಯ ಗಿರಣಿಗಳ ನಕ್ಷೆ ತರಿಸಿಕೊಳ್ಳಬೇಕು, ಲೈಡಾರ್ ಚಿತ್ರದಲ್ಲಿ ಮೆಟ್ಟಿಲುಗಳಿವೆಯೇ ನೋಡಬೇಕು, ಕಣಿವೆಗೆ ಅಡ್ಡಲಾಗಿ ಮೂರು ನಾಲ್ಕು ಕಡೆ ಗುಂಡಿ ತೋಡಿಸಬೇಕು. ಇಡೀ ಯೋಜನೆಯ ಖರ್ಚಿನ ಮುಂದೆ ಆ ಗುಂಡಿಗಳ ಖರ್ಚು ಏನೇನೂ ಅಲ್ಲ. ಕಪ್ಪು ಪಟ್ಟೆ ಸಿಕ್ಕಿದರೆ ಒಂದು ಯೋಜನೆ, ಸಿಗದಿದ್ದರೆ ಇನ್ನೊಂದು.